ಪತ್ತಿನ ಸಂಘದ ಪ್ರಚಾರ: ಕೌಂಟರಿನ ಪ್ರಶ್ನೆಯಿಂದ ಶುರು ಮಾಡಿ

ಕಾರವಾರದಿಂದ ಭಟ್ಕಳದವರೆಗಿನ ಪತ್ತಿನ ಸಂಘಗಳ ಕಾರ್ಯದರ್ಶಿಗಳು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೌಹಾರ್ದ ಸಹಕಾರಿಗಳ ವ್ಯವಸ್ಥಾಪಕರು ನನ್ನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. “ನಮ್ಮ ಸಂಘಕ್ಕೂ ಒಂದು ಫೇಸ್‌ಬುಕ್ ಪುಟ ಬೇಕು ಎಂದು ಮಂಡಳಿಯವರು ಹೇಳುತ್ತಿದ್ದಾರೆ. ಪುಟ ಮಾಡುವುದೇನೋ ಸುಲಭ, ಅದರಲ್ಲಿ ಹಾಕುವುದೇನು?” ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಅಂತರ್ಜಾಲದಲ್ಲಿ ಹುಡುಕಿದರೆ ‘ಕ್ರೆಡಿಟ್ ಯೂನಿಯನ್ ಪ್ರಚಾರ’ ಎಂಬ ಹೆಸರಿನಲ್ಲಿ ಅಮೆರಿಕದ ಸಲಹೆಗಳು ರಾಶಿ ರಾಶಿ ಸಿಗುತ್ತವೆ. ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಪತ್ತಿನ ಸಹಕಾರಿ ಸಂಘದ್ದೇ ಬಳಗ: ಸದಸ್ಯರೇ ಮಾಲೀಕರು, ಸದಸ್ಯರ ಹಣ, ಸದಸ್ಯರಿಗೇ ಸಾಲ. ಆದರೆ ಅಲ್ಲಿ ಪ್ರತಿ ಸದಸ್ಯನ ಠೇವಣಿಗೆ 2,50,000 ಡಾಲರ್‌ವರೆಗೆ ಸರ್ಕಾರದ ಬೆಂಬಲದ ವಿಮೆ ಇದೆ, ಅದನ್ನು ಅವರು ಎದೆ ತಟ್ಟಿ ಹೇಳಿಕೊಳ್ಳಬಹುದು. ನಮಗೆ ಆ ಅನುಕೂಲ ಇಲ್ಲ. ಆದ್ದರಿಂದ ಅವರ ಜಾಹೀರಾತಿನ ಸಾಲುಗಳನ್ನು ಕನ್ನಡಕ್ಕೆ ಇಳಿಸಿಕೊಂಡು ಹಾಕಿದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ನಮ್ಮ ಬಂಡವಾಳ ಬೇರೆ. ಘಟ್ಟದ ಮೇಲೆ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಿಂದ ನಡೆದುಕೊಂಡು ಬಂದಿದೆ, ಅಡಿಕೆ ಬೆಳೆಗಾರರ ಮನೆಗಳಲ್ಲಿ ‘ಸೊಸೈಟಿ’ ದಿನಬಳಕೆಯ ಮಾತು. ಆ ನಂಬಿಕೆಯನ್ನು ಮೊಬೈಲಿನ ಪರದೆಯ ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ನಮ್ಮ ಮುಂದಿರುವ ಕೆಲಸ.

ಬೇಕಾಗುವುದು

ಸಂಘದ ಹೆಸರಿನಲ್ಲಿ ಒಂದು ಮೊಬೈಲ್ ಮತ್ತು ಸಿಮ್, ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಒಬ್ಬ ಸಿಬ್ಬಂದಿ, ಅವರು ರಜೆ ಹಾಕಿದಾಗ ನೋಡಿಕೊಳ್ಳಲು ಇನ್ನೊಬ್ಬರು, ಮತ್ತು ಒಂದು ನೂರು ಪುಟದ ನೋಟ್‌ಬುಕ್. ಅಂಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್ ಇದ್ದರೆ ಒಳ್ಳೆಯದು. ಜಾಹೀರಾತು ಸಂಸ್ಥೆಗೆ ತಿಂಗಳ ಗುತ್ತಿಗೆ ಕೊಡುವುದು ಮೊದಲ ವರ್ಷ ಬೇಡವೇ ಬೇಡ. ನಿಮ್ಮ ಸದಸ್ಯರು ಏನು ಕೇಳುತ್ತಾರೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

1. ಹದಿನೈದು ದಿನ ಬರೀ ಬರೆದುಕೊಳ್ಳಿ

ಆ ನೋಟ್‌ಬುಕ್ಕನ್ನು ಕೌಂಟರಿನಲ್ಲಿ ಇಡಿ. ಹದಿನೈದು ದಿನ, ಬಂದವರು ಮತ್ತು ಫೋನ್ ಮಾಡಿದವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಠೇವಣಿ ಅವಧಿ ವಿಚಾರಣೆ’ ಎಂದು ಕಚೇರಿ ಭಾಷೆಗೆ ತಿರುಗಿಸಬೇಡಿ. “ನಮ್ಮ ಅಪ್ಪ ತೀರಿಕೊಂಡರು, ಅವರ ಪಿಗ್ಮಿ ದುಡ್ಡು ಯಾರಿಗೆ ಬರುತ್ತದೆ?” ಎಂದು ಕೇಳಿದ್ದರೆ ಹಾಗೆಯೇ ಬರೆಯಿರಿ. ಒಂದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು ಹಾಕಿ.

ಹದಿನಾರನೆಯ ದಿನ ಗೀಟು ಎಣಿಸಿ. ಬಂಗಾರದ ಸಾಲಕ್ಕೆ ಏನೇನು ತರಬೇಕು, ಶನಿವಾರ ಬಾಗಿಲು ತೆರೆದಿರುತ್ತದೆಯೇ, ನಾಮಿನಿ ಬದಲಿಸುವುದು ಹೇಗೆ, ಷೇರು ಹಣ ವಾಪಸ್ ಸಿಗುತ್ತದೆಯೇ, ಇಂಥವೇ ಮೇಲೆ ಬರುತ್ತವೆ. ಮೊದಲ ಹತ್ತು ಪ್ರಶ್ನೆಗಳು ನಿಮ್ಮ ಮೊದಲ ಹತ್ತು ಬರಹಗಳು. ‘ಏನು ಹಾಕುವುದು’ ಎಂಬ ಚಿಂತೆ ಇಲ್ಲಿಗೆ ಮುಗಿಯಿತು. ಈ ಹಂತ ಬಿಟ್ಟು ನೇರವಾಗಿ ಪುಟ ತೆರೆದವರ ಪುಟದಲ್ಲಿ ಹಬ್ಬದ ಶುಭಾಶಯ, ಅಧ್ಯಕ್ಷರ ಹುಟ್ಟುಹಬ್ಬ, ಹಾರ ಹಾಕಿದ ಫೋಟೊ ಬಿಟ್ಟರೆ ಬೇರೇನೂ ಇರುವುದಿಲ್ಲ. ಸದಸ್ಯ ಅದನ್ನು ಎರಡು ಸಲ ನೋಡುತ್ತಾನೆ, ಮೂರನೆಯ ಸಲ ನೋಡುವುದಿಲ್ಲ.

2. ಠರಾವು ಮಾಡಿ, ಕೀಲಿಕೈ ಇಬ್ಬರ ಬಳಿ ಇರಲಿ

ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಠರಾವು ಬರೆಸಿ: ಸಂಘದ ಖಾತೆಗಳು ಯಾವುವು, ಯಾವ ಮೊಬೈಲ್ ಸಂಖ್ಯೆಯಲ್ಲಿ ತೆರೆದದ್ದು, ಯಾರು ಬರೆಯುತ್ತಾರೆ, ಹಾಕುವ ಮುನ್ನ ಯಾರು ನೋಡುತ್ತಾರೆ. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ತನ್ನ ಸ್ವಂತ ಖಾತೆಯಿಂದ ಸಂಘದ ಪುಟ ತೆರೆಯುತ್ತಾನೆ, ಎರಡು ವರ್ಷಕ್ಕೆ ಅವನಿಗೆ ಗೋವಾದಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಗುತ್ತದೆ, ಪುಟವೂ ಅವನೊಂದಿಗೇ ಹೋಗುತ್ತದೆ. ಇದು ಎಷ್ಟೋ ಕಡೆ ಆಗಿದೆ. ಪುಟಕ್ಕೆ ಕನಿಷ್ಠ ಇಬ್ಬರಿಗೆ ಪೂರ್ಣ ಅಧಿಕಾರ ಇರಲಿ. ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಂದು ಸಂಕೇತ ಕೇಳುವ ವ್ಯವಸ್ಥೆಯನ್ನು ಮೊದಲ ದಿನವೇ ಹಾಕಿಕೊಳ್ಳಿ. ಪಾಸ್‌ವರ್ಡ್ ಬರೆದ ಲಕೋಟೆ ತಿಜೋರಿಯಲ್ಲಿ ಇರಲಿ.

ಫೇಸ್‌ಬುಕ್‌ನಲ್ಲಿ ‘ಪುಟ’ವನ್ನೇ ತೆರೆಯಿರಿ. ವ್ಯಕ್ತಿಯ ಖಾತೆಯಂತೆ ತೆರೆದರೆ 5,000 ಸ್ನೇಹಿತರಿಗೆ ನಿಲ್ಲುತ್ತದೆ, ಮೇಲಾಗಿ ಅದು ಅವರ ನಿಯಮಕ್ಕೆ ವಿರುದ್ಧ.

3. ಹೇಳಬಾರದ ಮಾತುಗಳು

ಈ ಹಂತವನ್ನು ಎರಡು ಸಲ ಓದಿ. ಉಳಿದ ಕಡೆ ತಪ್ಪಿದರೆ ಒಂದು ಬರಹ ಕೆಡುತ್ತದೆ, ಇಲ್ಲಿ ತಪ್ಪಿದರೆ ಸಂಘವೇ ಉತ್ತರ ಕೊಡಬೇಕಾಗುತ್ತದೆ.

‘ಬ್ಯಾಂಕ್’ ಎಂಬ ಪದ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಂಘ, ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತವಾಗಿರಲಿ, 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಇರಲಿ, ತನ್ನನ್ನು ಬ್ಯಾಂಕ್ ಎಂದು ಕರೆದುಕೊಳ್ಳುವಂತಿಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಇದು ಇನ್ನೂ ಬಿಗಿಯಾಗಿದೆ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಹೊರಡಿಸಿತು. ಬೋರ್ಡಿನಲ್ಲಿ ಸರಿಯಾಗಿ ಬರೆದಿರುತ್ತೀರಿ. ಆದರೆ ಬರಹದಲ್ಲಿ ‘ನಮ್ಮ ಬ್ಯಾಂಕಿಗೆ ಬನ್ನಿ’, ‘ಮನೆ ಬಾಗಿಲಿಗೆ ಬ್ಯಾಂಕಿಂಗ್ ಸೇವೆ’ ಎಂದು ಕೈ ಜಾರುತ್ತದೆ. ಪುಟದ ವಿಭಾಗ ಆರಿಸುವಾಗಲೂ ಪಟ್ಟಿಯಲ್ಲಿ ‘ಬ್ಯಾಂಕ್’ ಮೊದಲು ಕಾಣುತ್ತದೆಂದು ಅದನ್ನೇ ಒತ್ತಬೇಡಿ.

ಸದಸ್ಯರಲ್ಲದವರನ್ನು ಠೇವಣಿಗೆ ಕರೆಯುವುದು. ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ, ಸಹ ಸದಸ್ಯರಿಂದ ಠೇವಣಿ ಪಡೆಯುವುದು ಬ್ಯಾಂಕಿಂಗ್ ವ್ಯವಹಾರ ಮಾಡಿದಂತೆ ಎಂದು ಅದೇ ಎಚ್ಚರಿಕೆಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ನಾಮಮಾತ್ರ ಸದಸ್ಯ ಎಂದರೆ ಸಣ್ಣ ಶುಲ್ಕ ಕಟ್ಟಿ ಹೆಸರು ಬರೆಸಿದವನು, ಅವನಿಗೆ ಮತದ ಹಕ್ಕಿಲ್ಲ. ನಿಮ್ಮ ಸಂಘದ ಗೋಡೆಗೆ ಅಂಟಿಸಿದ ಬಡ್ಡಿದರದ ಪಟ್ಟಿಯನ್ನು ಓದುವವರು ಬಹುಮಟ್ಟಿಗೆ ಸದಸ್ಯರೇ. ಅದೇ ಪಟ್ಟಿ ಫೇಸ್‌ಬುಕ್‌ಗೆ ಹೋದರೆ ಊರೆಲ್ಲ ಓದುತ್ತದೆ. ಆದ್ದರಿಂದ ಠೇವಣಿಯ ಮಾತು ಬಂದ ಪ್ರತಿ ಚಿತ್ರದ ಮೇಲೆ ‘ಸದಸ್ಯರಿಗೆ ಮಾತ್ರ’ ಎಂದು ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಲಿ.

‘ನಿಮ್ಮ ಹಣ ನೂರಕ್ಕೆ ನೂರು ಸುರಕ್ಷಿತ’, ‘ಸರ್ಕಾರದ ಖಾತರಿ’, ‘ಆರ್‌ಬಿಐ ಮಾನ್ಯತೆ’. ಈ ಮೂರನ್ನೂ ಬರೆಯಬೇಡಿ. ಬ್ಯಾಂಕುಗಳ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಇರುವ ವಿಮೆ ಪತ್ತಿನ ಸಂಘಗಳ ಠೇವಣಿಗೆ ಇಲ್ಲ. ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳಿ. ಹಾಗೆ ಹೇಳಿದ ಮೇಲೆ ನಿಮ್ಮ ಆಡಿಟ್ ವರ್ಗ, ಅಂದರೆ ಲೆಕ್ಕ ಪರಿಶೋಧಕರು ಕೊಟ್ಟ ದರ್ಜೆ ಯಾವುದು, ಸುಸ್ತಿ ಎಷ್ಟು, ಅಂದರೆ ಗಡುವು ಮುಗಿದರೂ ಬಾರದ ಸಾಲ ಶೇಕಡ ಎಷ್ಟಿದೆ, ಕಾಯ್ದಿಟ್ಟ ನಿಧಿ ಎಷ್ಟು ಎಂಬುದನ್ನು ವಾರ್ಷಿಕ ವರದಿಯ ಪುಟ ತೋರಿಸಿ ವಿವರಿಸಿ. ನಿಜ ಹೇಳಿದರೆ ಜನ ಓಡಿಹೋಗುತ್ತಾರೆ ಎಂಬ ಭಯ ಕೆಲವು ನಿರ್ದೇಶಕರಿಗೆ ಇದೆ. ನಾನು ಒಪ್ಪುವುದಿಲ್ಲ. ಲೆಕ್ಕ ತೋರಿಸದ ಸಂಘದಿಂದಲೇ ಜನ ಓಡುವುದು, ಅದೂ ಒಂದೇ ದಿನ ಎಲ್ಲರೂ ಒಟ್ಟಾಗಿ.

ಇನ್ನೊಂದು: ಸುಸ್ತಿದಾರರ ಹೆಸರು, ಫೋಟೊ, ಬಾಕಿ ಮೊತ್ತವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ವಸೂಲಿಗೆ ಕಾನೂನಿನ ದಾರಿ ಇದೆ. ಸಾಲ ಪಡೆದವರು ಚೆಕ್ ಹಿಡಿದ ಫೋಟೊ ಹಾಕುವುದಿದ್ದರೂ ಅವರ ಲಿಖಿತ ಒಪ್ಪಿಗೆ ಬೇಕು. ತನಗೆ ಸಾಲ ಇದೆ ಎಂಬುದು ಊರಿಗೆ ತಿಳಿಯುವುದು ಎಲ್ಲರಿಗೂ ಇಷ್ಟವಾಗುವ ಸಂಗತಿಯಲ್ಲ.

4. ಗೂಗಲ್ ನಕ್ಷೆಯಲ್ಲಿ ಸಂಘ ಸರಿಯಾಗಿ ಕಾಣಲಿ

ಇದಕ್ಕೆ ದುಡ್ಡಿಲ್ಲ, ಒಂದು ಮಧ್ಯಾಹ್ನ ಸಾಕು. ಗೂಗಲ್‌ನ ವ್ಯಾಪಾರ ಖಾತೆಯಲ್ಲಿ ಸಂಘದ ಹೆಸರು, ದೂರವಾಣಿ, ಸಮಯ ಹಾಕಿ ದೃಢೀಕರಿಸಿಕೊಳ್ಳಿ. ಊಟದ ಬಿಡುವು, ವಾರದ ರಜೆ, ಹಬ್ಬದ ರಜೆ ಬಿಡದೆ ನಮೂದಿಸಿ. ಹತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದವರಿಗೆ ಬೀಗ ಕಂಡರೆ ಅವರ ಒಂದು ದಿನದ ಕೂಲಿ ಹೋಯಿತು. ಕಟ್ಟಡದ ಮುಂಭಾಗದ ಫೋಟೊ ಹಾಕಿ, ಮಹಡಿಯ ಮೇಲಿದ್ದರೆ ಮೆಟ್ಟಿಲು ಎಲ್ಲಿದೆ ಎಂಬುದು ಆ ಫೋಟೊದಲ್ಲಿ ಕಾಣಬೇಕು.

5. ವಾಟ್ಸ್‌ಆ್ಯಪ್: ನಿಜವಾದ ಕೆಲಸ ಇಲ್ಲಿ

ನಮ್ಮ ಜಿಲ್ಲೆಯಲ್ಲಿ ಫೇಸ್‌ಬುಕ್ ನೋಡದ ಸದಸ್ಯರು ಎಷ್ಟೋ ಜನ ಇದ್ದಾರೆ, ವಾಟ್ಸ್‌ಆ್ಯಪ್ ಇಲ್ಲದ ಮನೆ ಸಿಗುವುದು ಕಷ್ಟ. ‘ವಾಟ್ಸ್‌ಆ್ಯಪ್ ಬಿಸಿನೆಸ್’ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಸಂಘದ ಹಳೆಯ ಸ್ಥಿರ ದೂರವಾಣಿ ಸಂಖ್ಯೆ ಊರಿಗೆಲ್ಲ ಬಾಯಿಪಾಠ ಆಗಿದ್ದರೆ ಅದರಿಂದಲೇ ನೋಂದಾಯಿಸಬಹುದು. ದೃಢೀಕರಣದ ಸಂಕೇತವನ್ನು ಕರೆಯ ಮೂಲಕ ಹೇಳುವ ಆಯ್ಕೆ ಇದೆ. ಇದು ಅನೇಕರಿಗೆ ತಿಳಿದಿಲ್ಲ.

ಸುದ್ದಿ ಕಳಿಸಲು ಮೂರು ದಾರಿ. ಗುಂಪಿನಲ್ಲಿ ಎಲ್ಲರ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಮದುವೆ ಕರೆಯೋಲೆಯಿಂದ ಹಿಡಿದು ಚುನಾವಣೆ ಜಗಳದವರೆಗೆ ಎಲ್ಲವೂ ಅದರೊಳಗೆ ಬಂದು ಬೀಳುತ್ತದೆ. ಚಾನೆಲ್‌ನಲ್ಲಿ ಸಂಖ್ಯೆ ಕಾಣುವುದಿಲ್ಲ, ನೀವು ಹೇಳುತ್ತೀರಿ, ಅವರು ಓದುತ್ತಾರೆ; ಆದರೆ ಸದಸ್ಯರಲ್ಲದವರೂ ಓದಬಹುದು. ಮೂರನೆಯದು ಪ್ರಸಾರ ಪಟ್ಟಿ. ಒಂದು ಪಟ್ಟಿಗೆ 256 ಜನ, ಸಂದೇಶ ಪ್ರತಿಯೊಬ್ಬರಿಗೂ ಖಾಸಗಿಯಾಗಿ ತಲುಪುತ್ತದೆ, ಅವರ ಉತ್ತರ ನಿಮಗೆ ಮಾತ್ರ ಬರುತ್ತದೆ. ಪತ್ತಿನ ಸಂಘಕ್ಕೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಸಾರ ಪಟ್ಟಿಗೆ ಒಂದು ಕೊಕ್ಕೆ ಇದೆ. ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಆದ್ದರಿಂದ ಸದಸ್ಯರು ಕೌಂಟರಿಗೆ ಬಂದಾಗ, “ಅಮ್ಮಾ, ಸಂಘದ ನಂಬರ್ ಇದು, ನಾನೇ ಉಳಿಸಿ ಕೊಡಲೇ?” ಎಂದು ಕೇಳಿ ಅವರ ಮುಂದೆಯೇ ಉಳಿಸಿಕೊಡಿ. ನಿಮ್ಮ ಕಡೆ ಪಟ್ಟಿಗಳನ್ನು ಕೆಲಸದ ಪ್ರಕಾರ ಮಾಡಿ: ದೋಣಿ ಮತ್ತು ಮೀನು ವ್ಯಾಪಾರದವರು, ತೋಟ ಉಳ್ಳವರು, ಅಂಗಡಿಕಾರರು, ಸ್ವಸಹಾಯ ಗುಂಪಿನ ಮಹಿಳೆಯರು. ವಾರಕ್ಕೆ ಒಂದು ಸಂದೇಶ ಸಾಕು, ಎರಡು ದಾಟಬೇಡಿ.

ಸಂಖ್ಯೆ ಬಳಸಲು ಒಪ್ಪಿಗೆ ಪಡೆಯುವುದನ್ನು ಮರೆಯಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಸದಸ್ಯತ್ವದ ಅರ್ಜಿಯಲ್ಲಿ ‘ಸಂಘದ ಮಾಹಿತಿಯನ್ನು ನನ್ನ ಮೊಬೈಲಿಗೆ ಕಳಿಸಲು ಒಪ್ಪಿದ್ದೇನೆ, ಬೇಡವೆಂದಾಗ ನಿಲ್ಲಿಸಬಹುದು’ ಎಂಬ ಸಾಲು ಸೇರಿಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಳ್ಳಿ. ಖಾತೆ ಸಂಖ್ಯೆ, ಬಾಕಿ, ಆಧಾರ್ ಪ್ರತಿ ಯಾವುದೂ ಪ್ರಸಾರ ಪಟ್ಟಿಗೆ ಹೋಗಕೂಡದು.

6. ಬರೆಯುವ ಬಗೆ

ಒಂದು ಸಂಘದವರು ಕಳಿಸಲು ಸಿದ್ಧಪಡಿಸಿದ್ದ ಸಂದೇಶ ಹೀಗಿತ್ತು:

“ಮಾನ್ಯ ಸದಸ್ಯ ಬಾಂಧವರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಸಂಘದಲ್ಲಿ ಆಕರ್ಷಕ ಬಡ್ಡಿದರದಲ್ಲಿ ತ್ವರಿತ ಬಂಗಾರ ಆಭರಣ ಸಾಲ ಸೌಲಭ್ಯವಿದ್ದು, ಸದಸ್ಯರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.”

ಓದಿದವರಿಗೆ ಏನು ತಿಳಿಯಿತು? ಬಡ್ಡಿ ಎಷ್ಟೆಂದು ತಿಳಿಯಲಿಲ್ಲ, ಯಾವಾಗ ಬರಬೇಕೆಂದೂ ತಿಳಿಯಲಿಲ್ಲ. ಕೌಂಟರಿನ ನೋಟ್‌ಬುಕ್ ಮುಂದಿಟ್ಟುಕೊಂಡು ಅದನ್ನೇ ಹೀಗೆ ಬದಲಿಸಿದೆವು:

“ಬಂಗಾರದ ಸಾಲಕ್ಕೆ ಬರುವಾಗ ಆಧಾರ್, ಪ್ಯಾನ್, ಒಂದು ಫೋಟೊ ತನ್ನಿ. ಬಂಗಾರ ಪರೀಕ್ಷಿಸುವ ಸರಾಫರು ಬೆಳಿಗ್ಗೆ 10.30ರಿಂದ 1 ಗಂಟೆವರೆಗೆ ಮಾತ್ರ ಇರುತ್ತಾರೆ. ಅವಧಿಗೆ ಮೊದಲೇ ಬಿಡಿಸಿಕೊಂಡರೆ ಇಟ್ಟಷ್ಟು ದಿನಕ್ಕೆ ಮಾತ್ರ ಬಡ್ಡಿ. ಇವತ್ತಿನ ಬಡ್ಡಿದರಕ್ಕೆ ಈ ಸಂಖ್ಯೆಗೆ ‘ಬಂಗಾರ’ ಎಂದು ಬರೆದು ಕಳಿಸಿ. ಸದಸ್ಯರಿಗೆ ಮಾತ್ರ.”

‘ಬಂಗಾರ’ ಎಂದು ಬಂದ ಸಂದೇಶಗಳಿಗೆ ಕಳಿಸಲು ಉತ್ತರವನ್ನು ‘ಶೀಘ್ರ ಉತ್ತರ’ ಎಂಬ ಸೌಲಭ್ಯದಲ್ಲಿ ಮೊದಲೇ ಬರೆದಿಟ್ಟುಕೊಳ್ಳಬಹುದು. ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಶ್ರಮ ಉಳಿಯುತ್ತದೆ.

ಬಡ್ಡಿದರವನ್ನು ಚಿತ್ರದಲ್ಲಿ ಹಾಕುವುದಾದರೆ ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ’ ಎಂದು ಚಿತ್ರದ ಒಳಗೇ ಬರೆಯಿರಿ. ಕೆಳಗೆ ಬರೆದ ಒಕ್ಕಣೆ ಕಳಚಿಹೋಗಿ ಚಿತ್ರ ಒಂದೇ ಊರು ಸುತ್ತುತ್ತದೆ. ಎರಡು ವರ್ಷದ ಹಿಂದಿನ ದರ ಹಿಡಿದು ಸದಸ್ಯರೊಬ್ಬರು ಕೌಂಟರಿನಲ್ಲಿ ನಿಂತರೆ ತಪ್ಪು ಅವರದಲ್ಲ.

ಅಕ್ಷರದ ಕಷ್ಟವೂ ಒಂದಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಲಿಪಿಯಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಸಾಧನಗಳೂ ಓದಬಲ್ಲ ಸಂಕೇತ ವ್ಯವಸ್ಥೆಯಲ್ಲಿ ಟೈಪ್ ಮಾಡಿ, ಇಲ್ಲವೇ ಪರಿವರ್ತಕದಿಂದ ಬದಲಿಸಿಕೊಂಡು ಒತ್ತು, ದೀರ್ಘಗಳನ್ನು ಒಮ್ಮೆ ನೋಡಿ.

7. ಓದಲಾರದವರಿಗೆ ದನಿ

ಕಾರವಾರ, ಅಂಕೋಲಾ ಕಡೆ ಮನೆಮಾತು ಕೊಂಕಣಿ ಆಗಿರುವ ಸದಸ್ಯರು ಬಹಳ. ಭಟ್ಕಳದಲ್ಲಿ ನವಾಯತಿ. ಮುಖ್ಯ ಸಂದೇಶವನ್ನು ನಲವತ್ತು ಸೆಕೆಂಡಿನ ಧ್ವನಿಯಾಗಿಯೂ ಕಳಿಸಿ, ಕನ್ನಡದಲ್ಲಿ ಒಂದು, ಕೊಂಕಣಿಯಲ್ಲಿ ಒಂದು. ಹೇಳುವವರು ಕೌಂಟರಿನಲ್ಲಿ ದಿನಾ ಕೂರುವವರೇ ಆಗಿರಲಿ, ದನಿ ಗುರುತು ಸಿಕ್ಕರೆ ಜನ ಪೂರ್ತಿ ಕೇಳುತ್ತಾರೆ. ವಿಡಿಯೊ ಮಾಡುವುದಾದರೆ ಮೊಬೈಲನ್ನು ಉದ್ದಕ್ಕೆ ಹಿಡಿದು, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಒಂದಕ್ಷರವೂ ಕೇಳಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾಗುವ ವಿಡಿಯೊಗಳನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳುವುದು ಜಾಣತನ.

8. ಪಿಗ್ಮಿ ಸಂಗ್ರಾಹಕರನ್ನು ಜೊತೆಗೆ ತೆಗೆದುಕೊಳ್ಳಿ

ದಿನಾ ಸಂಜೆ ಮೀನು ಮಾರುಕಟ್ಟೆಯ, ಹೂವಿನಂಗಡಿಯ, ರಿಕ್ಷಾ ನಿಲ್ದಾಣದ ಮುಂದೆ ನಿಂತು ಐವತ್ತು, ನೂರು ರೂಪಾಯಿ ಪಡೆಯುವ ಪಿಗ್ಮಿ ಸಂಗ್ರಾಹಕರಿಗಿಂತ ದೊಡ್ಡ ಪ್ರಚಾರ ಮಾಧ್ಯಮ ನಿಮಗಿಲ್ಲ. ಎಷ್ಟೋ ಸದಸ್ಯರಿಗೆ ಸಂಘ ಎಂದರೆ ಅವರೇ. ಆದರೂ ಹೊಸ ಯೋಜನೆಯ ಸುದ್ದಿ ಅವರಿಗೆ ಕೊನೆಗೆ ತಿಳಿಯುತ್ತದೆ. ಪ್ರತಿ ಸೋಮವಾರ ಹತ್ತು ನಿಮಿಷ ಅವರೊಂದಿಗೆ ಕುಳಿತು ಆ ವಾರದ ಸಂದೇಶ ಓದಿ ಹೇಳಿ. ಅದೇ ಒಕ್ಕಣೆಯ ಚೀಟಿ ಅವರ ಕಿಸೆಯಲ್ಲಿ ಇರಲಿ, ವಾಟ್ಸ್‌ಆ್ಯಪ್‌ನಲ್ಲಿ ಒಂದು, ಬಾಯಿಮಾತಿನಲ್ಲಿ ಇನ್ನೊಂದು ಆಗಬಾರದು. ಅವರು ಪಡೆದ ಮೊತ್ತ ಅದೇ ದಿನ ಸದಸ್ಯರ ಮೊಬೈಲಿಗೆ ಎಸ್‌ಎಂಎಸ್ ಆಗಿ ಬರುವಂತೆ ಮಾಡಿ. ಇದಕ್ಕೆ ಸಂಘದ ಹೆಸರು ಮತ್ತು ಸಂದೇಶದ ಮಾದರಿಯನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ದಾಖಲಿಸಬೇಕು. ನಿಮ್ಮ ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ. ಆ ಒಂದು ಎಸ್‌ಎಂಎಸ್ ತರುವ ನಂಬಿಕೆಯನ್ನು ಯಾವ ಬಣ್ಣದ ಫ್ಲೆಕ್ಸೂ ತರಲಾರದು.

9. ಊರಿನ ಋತು ನೋಡಿ ಹೇಳಿ

ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಬಲೆ ರಿಪೇರಿ, ಎಂಜಿನ್ ಕೆಲಸ ಆಗ ನಡೆಯುತ್ತದೆ, ಮನೆಗೆ ಬರುವ ದುಡ್ಡು ನಿಲ್ಲುತ್ತದೆ. ಆ ಖರ್ಚಿಗೆ ಕೊಡುವ ಸಾಲದ ಮಾಹಿತಿ ಏಪ್ರಿಲ್, ಮೇ ತಿಂಗಳಲ್ಲೇ ತಲುಪಬೇಕು. ಜೂನ್ ಮಧ್ಯದಲ್ಲಿ ಹೇಳಿದರೆ ಅಷ್ಟರಲ್ಲಿ ಅವರು ಬೇರೆಡೆ ಹೆಚ್ಚಿನ ಬಡ್ಡಿಗೆ ತಂದಿರುತ್ತಾರೆ. ಅದೇ ತಿಂಗಳು ಶಾಲೆ ಶುಲ್ಕದ್ದೂ ಹೌದು. ಚೌತಿಗೆ ಮುಂಬೈ, ಗೋವಾದಲ್ಲಿರುವವರು ಊರಿಗೆ ಬರುತ್ತಾರೆ. ನಾಮಿನಿ ಬದಲಾವಣೆ, ಗುರುತಿನ ದಾಖಲೆ ನವೀಕರಣ ಮಾಡಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ವಾರ ಇಲ್ಲ, ಹತ್ತು ದಿನ ಮೊದಲೇ ತಿಳಿಸಿ. ಘಟ್ಟದ ಮೇಲಾದರೆ ಅಡಿಕೆ ಮಾರಿ ಕೈಗೆ ಹಣ ಬರುವ ಹೊತ್ತಿಗೆ ಠೇವಣಿಯ ಮಾತು, ಮಾರ್ಚ್ ಶುರುವಾಗುವ ಮುನ್ನ ಸಾಲ ನವೀಕರಣದ ನೆನಪು.

ವಾರ್ಷಿಕ ಸಭೆಯ ನೋಟಿಸನ್ನು ಕಾನೂನಿನ ಪ್ರಕಾರ ಕಳಿಸುವುದರ ಜೊತೆಗೆ, ಲೆಕ್ಕಪತ್ರದ ನಾಲ್ಕು ಮುಖ್ಯ ಅಂಕಿಗಳನ್ನು ಸರಳ ಮಾತಿನಲ್ಲಿ ಬರೆದು ಕಳಿಸಿ. ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದಲ್ಲಿ ಎಲ್ಲರೂ ರಾಜ್ಯದ ಮೊದಲ ಸಹಕಾರ ಸಂಘವಾದ 1905ರ ಕಣಗಿನಹಾಳದ ಸಂಘವನ್ನು ನೆನೆಯುತ್ತಾರೆ. ನೀವೂ ನೆನೆಯಿರಿ, ಜೊತೆಗೆ ನಿಮ್ಮ ಸಂಘದ ಮೊದಲ ಠರಾವು ಪುಸ್ತಕದ ಮೊದಲ ಪುಟದ ಫೋಟೊ ಹಾಕಿ. ಅಜ್ಜನ ಸಹಿ ಗುರುತಿಸಿದ ಮೊಮ್ಮಗ ಅದನ್ನು ಹತ್ತು ಜನಕ್ಕೆ ತೋರಿಸುತ್ತಾನೆ.

10. ಸಿಟ್ಟಿನ ಮಾತು, ನಕಲಿ ಖಾತೆ

ಪುಟದಲ್ಲಿ ಯಾರಾದರೂ “ನಾಲ್ಕು ಸಲ ಬಂದರೂ ನನ್ನ ಠೇವಣಿ ಹಣ ಕೊಡಲಿಲ್ಲ” ಎಂದು ಬರೆದರೆ ಅಳಿಸಬೇಡಿ. ಅದೇ ದಿನ, “ನಿಮಗೆ ತೊಂದರೆ ಆಗಿದೆ, ವಿವರವನ್ನು ಇಲ್ಲಿ ಬರೆಯುವುದು ಬೇಡ, ನಾಳೆ 11 ಗಂಟೆಗೆ ಕಾರ್ಯದರ್ಶಿಯವರೇ ನಿಮಗೆ ಫೋನ್ ಮಾಡುತ್ತಾರೆ” ಎಂದು ಉತ್ತರಿಸಿ. 11 ಗಂಟೆಗೆ ಫೋನ್ ಮಾಡಿ. ಬಯ್ಗುಳ, ಜಾತಿ ನಿಂದನೆ ಇದ್ದರೆ ಮಾತ್ರ ಮರೆಮಾಡಿ, ಅದಕ್ಕೂ ಮೊದಲು ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ನಿಮ್ಮ ಸಂಘದ ಹೆಸರು, ಲಾಂಛನ ಕದ್ದು ನಕಲಿ ಖಾತೆ ತೆರೆದು ‘ಐದು ನಿಮಿಷದಲ್ಲಿ ಸಾಲ, ಮೊದಲು ಪರಿಶೀಲನಾ ಶುಲ್ಕ ಕಟ್ಟಿ’ ಎಂದು ಮೋಸ ಮಾಡುವವರು ಇದ್ದಾರೆ. ತಿಂಗಳಿಗೊಮ್ಮೆ ನಿಮ್ಮ ಸಂಘದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹುಡುಕಿ ನೋಡಿ. ನಕಲಿ ಕಂಡರೆ ಫೇಸ್‌ಬುಕ್‌ಗೆ ದೂರು ಕೊಡಿ, ಅದೇ ಗಂಟೆಯಲ್ಲಿ ಎಲ್ಲ ಪ್ರಸಾರ ಪಟ್ಟಿಗಳಿಗೂ ಎಚ್ಚರಿಕೆ ಕಳಿಸಿ. ಸದಸ್ಯರು ಈಗಾಗಲೇ ಹಣ ಕಳೆದುಕೊಂಡಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಎಷ್ಟು ಬೇಗ ತಿಳಿಸುತ್ತಾರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ‘ಸಂಘದವರು ಎಂದೂ ಒಟಿಪಿ ಕೇಳುವುದಿಲ್ಲ’ ಎಂಬ ಸಾಲನ್ನು ಮೂರು ತಿಂಗಳಿಗೊಮ್ಮೆ ಕಳಿಸುತ್ತಲೇ ಇರಿ.

11. ಅಳೆಯುವುದು

ಎಷ್ಟು ಜನ ಲೈಕ್ ಒತ್ತಿದರು ಎಂಬ ವರದಿಯನ್ನು ಮಂಡಳಿಯ ಮುಂದೆ ಇಡಬೇಡಿ. ಮೂರು ತಿಂಗಳಾದ ಮೇಲೆ ಮತ್ತೆ ಹದಿನೈದು ದಿನ ಕೌಂಟರಿನಲ್ಲಿ ನೋಟ್‌ಬುಕ್ ಇಟ್ಟು ಗೀಟು ಹಾಕಿ. ‘ಬಂಗಾರದ ಸಾಲಕ್ಕೆ ಏನು ತರಬೇಕು’ ಎಂಬುದರ ಮುಂದೆ ಮೊದಲ ಸಲ ನಲವತ್ತು ಗೀಟು ಇದ್ದು ಈಗ ಹನ್ನೆರಡಕ್ಕೆ ಇಳಿದಿದ್ದರೆ ಕೆಲಸ ಆಗಿದೆ. ಇಳಿಯದಿದ್ದರೆ ಆ ಸಂದೇಶವನ್ನು ಮತ್ತೆ ಬರೆಯಿರಿ. ಎರಡನೆಯ ಸಲದ ನೋಟ್‌ಬುಕ್ಕಿನಲ್ಲಿ ಹೊಸ ಪ್ರಶ್ನೆಗಳೂ ಬಂದಿರುತ್ತವೆ, ಮುಂದಿನ ಮೂರು ತಿಂಗಳ ಬರಹಗಳನ್ನು ಅವುಗಳಿಂದ ಆರಿಸಿಕೊಳ್ಳಿ.